ಕಾಟನ್ಸ್‌ನಲ್ಲಿ ಕನ್ನಡ ಮೇಷ್ಟ್ರು

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ನಾನು ಬಹಳ ವರ್ಷ ಕನ್ನಡ ಕಲಿಸಿದೆ. ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ 1865ರಲ್ಲಿ ಕಟ್ಟಿದ ಆಂಗ್ಲಿಕನ್ ಶಾಲೆ ಅದು. ಚಾಪೆಲ್‌ನಿಂದ ಕ್ರಿಕೆಟ್ ಮೈದಾನದವರೆಗೆ ಇಂಗ್ಲಿಷ್ ಓಡಾಡುವ ಕಡೆ ಕನ್ನಡದ ಪೀರಿಯಡ್ಡಿಗೆ ಹುಡುಗರನ್ನು ಒಲಿಸುವುದು ಹೇಗೆ? ಉತ್ತರ ಕಾಂಪೌಂಡಿನೊಳಗೇ ಸಿಕ್ಕಿತು.

ಮೊದಲನೆಯದು ಹೆಸರುಗಳು. ಕ್ರೀಡಾಕೂಟದಲ್ಲಿ ‘ಪೋಪ್, ಪೋಪ್’ ಎಂದು ಗಂಟಲು ಹರಿದುಕೊಳ್ಳುವ ಹುಡುಗರಿಗೆ, ಅವರ ತಂಡಕ್ಕೆ, ಅಂದರೆ ಹೌಸಿಗೆ, ಹೆಸರಾದ ಜಿ. ಯು. ಪೋಪ್ ಯಾರೆಂದು ಹೇಳಿದೆ. 1871ರಿಂದ 1882ರವರೆಗೆ ಇಲ್ಲಿ ವಾರ್ಡನ್, ಅಂದರೆ ಶಾಲೆಯ ಮುಖ್ಯಸ್ಥರು, ಆಗಿದ್ದವರು. ತಮಿಳಿನಲ್ಲಿ ಪಂಡಿತರಾಗಿ 1886ರಲ್ಲಿ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದವರು. ಕಡಲಾಚೆಯಿಂದ ಬಂದವರು ನಮ್ಮ ನೆರೆಮನೆಯ ಭಾಷೆಗೆ ಇಷ್ಟು ದುಡಿದರೇ ಎಂದು ಹಿಂದಿನ ಬೆಂಚೂ ತಲೆಯೆತ್ತಿತು. ಲಂಡನ್ನಿನ ಬಳಿ 1916ರಲ್ಲಿ ಜರ್ಮನ್ ವಾಯುನೌಕೆಯನ್ನು ಕೆಡವಿ ವಿಕ್ಟೋರಿಯಾ ಕ್ರಾಸ್ ಪಡೆದ ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ್ದು ಕೊಡಗಿನ ಪೊಲ್ಲಿಬೆಟ್ಟದಲ್ಲಿ, ಓದಿದ್ದು ಇಲ್ಲಿ. ಮಡಿಕೇರಿಯ ಜನರಲ್ ತಿಮ್ಮಯ್ಯನವರೂ ಇಲ್ಲಿ ಓದಿದವರೇ. ಇವರ ಮೇಲೆ ಪ್ರಬಂಧ ಕೊಟ್ಟರೆ, ‘ಪುಟ ಸಾಲದು ಸರ್’ ಎನ್ನುವವರು ಹೆಚ್ಚಾದರು.

ಎರಡನೆಯದು, ಡೇ ಸ್ಕಾಲರ್ ಬೇರೆ, ಬೋರ್ಡರ್ ಬೇರೆ. ಸಂಜೆ ಮನೆಗೆ ಹೋಗುವವನ ಕಿವಿಗೆ ಅಜ್ಜಿಯೋ ಆಟೋ ಡ್ರೈವರೋ ಒಂದಿಷ್ಟು ಕನ್ನಡ ಹಾಕುತ್ತಾರೆ. ಬೋರ್ಡರ್‌ನ ಪಕ್ಕದ ಮಂಚದವನು ಯಾವ ರಾಜ್ಯದವನೋ! ಹಾಗಾಗಿ ಬೋರ್ಡರುಗಳಿಗೆ ಹೋಂವರ್ಕ್ ಕಡಿಮೆ ಮಾಡಿ, ತರಗತಿಯಲ್ಲೇ ಹೆಚ್ಚು ಮಾತಾಡಿಸಿದೆ. ಕನ್ನಡದ ಮನೆಗಳಿಂದ ಬಂದವರಿಗೆ ಊರಿಗೆ ಕಾಗದ ಬರೆಯಲು ಹಚ್ಚಿದೆ. ವಿಭಕ್ತಿ ಪ್ರತ್ಯಯ ಬಾಯಿಪಾಠದಿಂದ ಬಾರದಿದ್ದದ್ದು, ಮ್ಯಾಚಿನಲ್ಲಿ ಯಾರ ಕ್ಯಾಚನ್ನು ಯಾರು ಬಿಟ್ಟರು ಎಂದು ಅಪ್ಪನಿಗೆ ತಿಳಿಸುವಾಗ ತಾನಾಗಿ ಬಂತು. ಅಲ್ಲಿ ಪ್ರತ್ಯಯ ತಪ್ಪಿದರೆ ಡಾರ್ಮಿಟರಿಯಲ್ಲಿ ಜಗಳವೇ!

ಮೂರನೆಯದು ಹೌಸುಗಳ ಪೈಪೋಟಿ. ಒಬ್ಬೊಬ್ಬನನ್ನೇ ನಿಲ್ಲಿಸಿ ಭಾಷಣ ಮಾಡಿಸಿದರೆ ನಾಚಿ ನೆಲ ನೋಡುತ್ತಿದ್ದವರು, ಹೌಸಿನ ಪರ ವಾದಿಸಿ ಎಂದರೆ ಕನ್ನಡ ಅರೆಬರೆಯಾದರೂ ಬಿಟ್ಟುಕೊಡುತ್ತಿರಲಿಲ್ಲ. ಅರ್ಧ ವಾಕ್ಯವನ್ನು ಗೆಳೆಯ ಪೂರ್ತಿ ಮಾಡುತ್ತಿದ್ದ; ಆ ಜೋಡಿ ವಾಕ್ಯಕ್ಕೂ ನಾನು ಅಂಕ ಕೊಡುತ್ತಿದ್ದೆ.

ಇಂಥ ಹಳೆಯ ಶಾಲೆಗೆ ಹೊಸದಾಗಿ ಸೇರುವ ಕನ್ನಡ ಮೇಷ್ಟ್ರುಗಳಿಗೆ ಹೇಳುವುದಿಷ್ಟೆ: ಮೊದಲ ವಾರ ಗೋಡೆಯ ಫಲಕಗಳನ್ನು ಓದಿ, ಬೋರ್ಡರುಗಳ ಊರು ಕೇಳಿ ಬರೆದಿಟ್ಟುಕೊಳ್ಳಿ. ಪಠ್ಯಪುಸ್ತಕವನ್ನು ಆಮೇಲೆ ತೆರೆಯಿರಿ.