ಮುಕ್ಕಾಲಿನ ಲೆಕ್ಕ

ತಡವಾಗಿ ಅಕ್ಷರ ಕಲಿಯಲು ಬಂದ ಹಿರಿಯರು ಕೂಡುವ, ಕಳೆಯುವ ಲೆಕ್ಕಗಳಿಗೆ ಅಂಜುವುದಿಲ್ಲ. ಸಂತೆಯ ಬಾಯಿಲೆಕ್ಕದಲ್ಲಿ ಪಳಗಿದವರು ಅವರು. ಆದರೆ ಒಂದು ಗೆರೆಯ ಮೇಲೊಂದು, ಕೆಳಗೊಂದು ಅಂಕಿಯನ್ನು ಬರೆದು ತೋರಿಸಿದೊಡನೆ ಇದು ತಮ್ಮ ವಯಸ್ಸಿಗೆ ಮೀರಿದ ವಿದ್ಯೆಯೆಂದು ಬಳಪವನ್ನು ಕೆಳಗಿಡುತ್ತಾರೆ. ವಾಸ್ತವವಾಗಿ ಭಿನ್ನರಾಶಿಯನ್ನು ಅವರು ಬಲ್ಲರು. ಅದರ ಬರವಣಿಗೆಯನ್ನು ಮಾತ್ರ ಅರಿಯರು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬರುವವರೆಗೆ ರೂಪಾಯಿಗೆ 16 ಆಣೆಗಳಿದ್ದವು. ಹನ್ನೆರಡಾಣೆಯೆಂದರೆ ಮುಕ್ಕಾಲು ರೂಪಾಯಿ ಎಂಬುದನ್ನು ಅರಿಯಲು ಯಾರೂ ಶಾಲೆಗೆ ಹೋಗಬೇಕಾಗಿರಲಿಲ್ಲ. 12/16ನ್ನು 3/4 ಎಂದು ಸಂಕ್ಷೇಪಿಸುವುದೆಂದರೆ ಇಷ್ಟೇ. 'ಮುಕ್ಕಾಲು' ಎಂಬ ಮಾತನ್ನೇ ಬಿಡಿಸಿ ನೋಡಿರಿ. ಮೂರು ಕಾಲುಗಳು ಸೇರಿ ಮುಕ್ಕಾಲು. ಮೂರು ಎಂಬುದು ಅಂಶ. ಕಾಲು ಎಂಬುದರೊಳಗೆ ಛೇದವಾದ ನಾಲ್ಕು ಅಡಗಿದೆ.

ಆಣೆ ಹೋಯಿತು, ಗುಂಟೆ ಉಳಿದಿದೆ. ಒಂದು ಎಕರೆಗೆ 40 ಗುಂಟೆ. 30 ಗುಂಟೆ ಹೊಲವಿರುವ ರೈತನ ಮುಂದೆ 30/40 ಎಂದು ಬರೆಯಿರಿ. ಹತ್ತು ಹತ್ತು ಗುಂಟೆಗಳನ್ನು ಒಂದೊಂದು ತುಂಡಾಗಿ ಎಣಿಸಿದರೆ ಎಕರೆಯಲ್ಲಿ ನಾಲ್ಕು ತುಂಡು, ಅವನ ಹೊಲದಲ್ಲಿ ಮೂರು. ಅಂಕಿಗಳು ಕಿರಿದಾದುವು, ಹೊಲದ ಬದು ಮಾತ್ರ ಒಂದು ಗೇಣೂ ಸರಿಯಲಿಲ್ಲ. ಕಲಿಯುವವರು ಸಂದೇಹಪಡುವುದು ಇಲ್ಲಿಯೇ ಆದುದರಿಂದ ಇಲ್ಲಿ ಅವಸರ ಸಲ್ಲದು. ಆಸ್ತಿಯ ಪಾಲಿನಲ್ಲಿ 3/8ಕ್ಕಿಂತ 6/16 ದೊಡ್ಡದೆಂದು ಯಾರಾದರೂ ನಂಬಿಸಿದರೆ, ಇದನ್ನು ಅರಿತವನು ಮೋಸ ಹೋಗುವುದಿಲ್ಲ.

ಒಂದೇ ಹೆಜ್ಜೆಗೆ ಗುರಿ ಮುಟ್ಟಬೇಕೆಂಬ ನಿಯಮವೇನೂ ಇಲ್ಲ. 16/40ನ್ನು ಎರಡರಿಂದ ಭಾಗಿಸುತ್ತ ಹೋದರೆ 8/20, 4/10, ಕೊನೆಗೆ 2/5. ಎಂಟರಿಂದ ಒಮ್ಮೆಗೇ ಭಾಗಿಸಿದವನಿಗೂ ಇದೇ ಉತ್ತರ ದೊರೆಯುತ್ತದೆ.

ಒಂದು ಅಪಾಯವುಂಟು. 'ಹೊಡೆದುಹಾಕು' ಎಂಬ ಮಾತನ್ನು ಕೇಳಿದ ಹೊಸಬರು ಮೇಲೆ ಕೆಳಗೆ ಒಂದೇ ಅಂಕಿ ಕಂಡರೆ ಅದನ್ನು ಹೊಡೆಯುತ್ತಾರೆ. 16/64ರಲ್ಲಿ ಆರನ್ನು ಹೊಡೆದರೆ 1/4 ಬರುತ್ತದೆ, ಉತ್ತರವೂ ಸರಿ! ಆದರೆ ಅದು ಕೇವಲ ಆಕಸ್ಮಿಕ. 12/24ರಲ್ಲಿ ಎರಡನ್ನು ಹೊಡೆದರೂ 1/4 ಬರುತ್ತದೆ. ದಿನದ 24 ಗಂಟೆಗಳಲ್ಲಿ 12 ಗಂಟೆ ಅರ್ಧವೆಂಬುದನ್ನು ಅರಿಯದವರಾರು? ಭಾಗಿಸಬೇಕಾದುದು ಇಡೀ ಸಂಖ್ಯೆಯನ್ನು, ಅದರ ಬಿಡಿ ಅಂಕಿಯನ್ನಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲಿ ಭಿನ್ನರಾಶಿಗಳಿಗಾಗಿಯೇ 'ಕಲಾಸವರ್ಣ' ಎಂಬ ಅಧ್ಯಾಯವನ್ನು ಮೀಸಲಿಟ್ಟನು.

ಯಾವುದರಿಂದ ಭಾಗಿಸಬೇಕೆಂದು ತೋಚದಿದ್ದಾಗ ನೆರವಾಗುವ ಉಪಾಯವೊಂದಿದೆ. ಗ್ರೀಕ್ ಗಣಿತಜ್ಞ ಯೂಕ್ಲಿಡನು ಕ್ರಿ.ಪೂ. 300ರ ಸುಮಾರಿನಲ್ಲಿಯೇ ಇದನ್ನು ವಿವರಿಸಿದ್ದಾನೆ. 95 ಮೂಟೆ ಭತ್ತದಲ್ಲಿ 57 ಮೂಟೆ ಮಾರಾಟವಾಯಿತೆನ್ನಿ. 57/95ರಲ್ಲಿ ಎರಡಾಗಲಿ, ಮೂರಾಗಲಿ, ಐದಾಗಲಿ ಎರಡು ಕಡೆಗೂ ಹೊಂದುವುದಿಲ್ಲ. ಎರಡು ಸಂಖ್ಯೆಗಳನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯು ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಆದುದರಿಂದ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಬನ್ನಿರಿ. 95ರಲ್ಲಿ 57 ಕಳೆದರೆ 38; 57ರಲ್ಲಿ 38 ಕಳೆದರೆ 19; 38ರಲ್ಲಿ 19 ಕಳೆದರೆ ಮತ್ತೆ 19. ಎರಡೂ ಸಮವಾದಲ್ಲಿಗೆ ನಿಲ್ಲಿಸಿ, 19ರಿಂದ ಭಾಗಿಸಿರಿ. ಮೇಲೆ 3, ಕೆಳಗೆ 5. ಕಳೆಯುವುದನ್ನು ಬಲ್ಲ ಅಜ್ಜನೂ ಇದನ್ನು ಮಾಡಬಲ್ಲನು. ಮಗ್ಗಿ ಬಾಯಿಪಾಠವಿರದಿದ್ದರೂ ಅಡ್ಡಿಯಿಲ್ಲ.