ಐದನೇ ವರ್ಷದ ರೊಕ್ಕ

ಬಿ.ಇ. ನಾಲ್ಕು ವರ್ಷದ ಕೋರ್ಸು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಿಗೆ ಮಾತ್ರ ಅದು ಐದು ವರ್ಷದ ಖರ್ಚು. ಕೊನೆಯ ಪರೀಕ್ಷೆ ಮುಗಿದ ಮೇಲೆ ಮೊದಲ ಪಗಾರ ಕೈಗೆ ಬರುವ ತನಕ ಒಂದು ಕಾಲ ಇರುತ್ತದೆ. ಕೆಲವರಿಗೆ ಮೂರು ತಿಂಗಳು, ಹಲವರಿಗೆ ಹತ್ತು ಹನ್ನೆರಡು ತಿಂಗಳು. ಈ ಕಾಲಕ್ಕೆಂದು ಯಾರೂ ರೊಕ್ಕ ಎತ್ತಿಟ್ಟಿರುವುದಿಲ್ಲ. ಮಕ್ಕಳು ಬಯಸಿದ ನೌಕರಿಗೆ ಕಾಯುತ್ತಾರೋ, ಮೊದಲು ಸಿಕ್ಕದ್ದಕ್ಕೆ ಕೊರಳೊಡ್ಡುತ್ತಾರೋ ಎಂಬುದು ಬಹಳ ಸಲ ಇಲ್ಲೇ ತೀರ್ಮಾನವಾಗುತ್ತದೆ.

ಬಿಡುವಿನ ಭಾನುವಾರಗಳಂದು ನಮ್ಮ ಭಾಗದ ಇಂಜಿನಿಯರಿಂಗ್ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡುತ್ತೇನೆ. ಯಾವ ನೌಕರಿ ಬೇಕು ಅಂದರೆ ಉತ್ತರಕ್ಕೆ ತಡವಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ಲೋಕೋಪಯೋಗಿ ಇಲಾಖೆಯಲ್ಲಿ ಎಇ, ಹೊರದೇಶದಲ್ಲಿ ಎಂ.ಎಸ್. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದ ಮೇಲೆ ಸಿವಿಲ್ ಓದುವವರಲ್ಲಿ ಕೆಲವರಿಗೆ ಅಂಥ ದೊಡ್ಡ ಕಟ್ಟಡದ ಸೈಟಿನಲ್ಲೇ ಕೆಲಸ ಕಲಿಯುವ ಆಸೆ. ಎಲ್ಲವೂ ಒಳ್ಳೆಯ ಆಸೆಗಳೇ. ಆಮೇಲೆ ನಾನು ಕೇಳುತ್ತೇನೆ: "ಡಿಗ್ರಿ ಮುಗಿದ ಮ್ಯಾಲ ಆ ನೌಕರಿ ಸಿಗೋತನಕ ನಿಂದು ರೂಮು, ಊಟ, ಬಸ್ಸಿನ ಖರ್ಚು ಯಾರು ನೋಡ್ಕೋತಾರ?" ಇದಕ್ಕೆ ಉತ್ತರ ಹುಡುಗರಿಂದ ಬರುವುದಿಲ್ಲ. ಜೊತೆಗೆ ಬಂದ ತಂದೆಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹುಡುಗ ಇಂಜಿನಿಯರ್ ಆದಮ್ಯಾಲ ಚಿಂತಿ ಏನದರಿ ಸರ, ಪಗಾರ ಬರ್ತದ, ಸಾಲ ತೀರ್ತದ."

ಪಗಾರ ಬರುತ್ತದೆ ನಿಜ. ಯಾವಾಗ, ಎಷ್ಟು, ಅಷ್ಟರೊಳಗೆ ಬಡ್ಡಿ ಎಷ್ಟು ಬೆಳೆದಿರುತ್ತದೆ ಎಂಬುದನ್ನು ಹಾಳೆಯ ಮೇಲೆ ಬರೆದು ನೋಡಬೇಕು.

ನಾನು ಹುಮನಾಬಾದ್ ತಾಲ್ಲೂಕಿನವನು. ಮನೆಗೆ ನಾಲ್ಕು ಎಕರೆ ಒಣಹೊಲ, ಅದರಲ್ಲಿ ಸೋಯಾ, ತೊಗರಿ. ಓದಿದ್ದು ಮೆಕ್ಯಾನಿಕಲ್. ಕೊನೆಯ ಸೆಮಿಸ್ಟರಿನಲ್ಲೇ ಬೆಂಗಳೂರಿನ ಕಂಪನಿಯೊಂದರ ಆಫರ್ ಲೆಟರ್ ಕೈಯಲ್ಲಿತ್ತು, ಓಣಿಯಲ್ಲಿ ಪೇಡೆ ಹಂಚಿದ್ದೂ ಆಗಿತ್ತು. ಸೇರುವ ದಿನಾಂಕವನ್ನು ಮಾತ್ರ ಅವರು ಮುಂದೂಡುತ್ತಲೇ ಹೋದರು. ಬೆಂಗಳೂರಿನ ರೂಮಿನಲ್ಲಿ ನಮ್ಮ ಕಡೆಯ ಹುಡುಗರ ಜೊತೆ ಕಾಯುತ್ತ ಕೂತೆ. ಅಪ್ಪ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: "ರೊಕ್ಕ ಬೇಕೇನೋ ತಮ್ಮಾ?" ಬೇಕು ಅಂದಾಗಲೆಲ್ಲ ಬಂತು. ಅದು ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಎತ್ತಿದ ಕೈಗಡ ಅಂತ ಅವ್ವನಿಂದ ಗೊತ್ತಾಯಿತು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಶಿಕ್ಷಣ ಸಾಲದ ಮೂರು ಪಟ್ಟಿಗೂ ಹೆಚ್ಚು. ಬೆಂಗಳೂರಿನ ಆ ಆಸೆಯನ್ನು ಅಲ್ಲಿಗೇ ನಿಲ್ಲಿಸಿ ಹೈದರಾಬಾದಿಗೆ ಹೋದೆ. ಪಟಾನ್‌ಚೆರು ಕಡೆಯ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿ ಸೇರಿದೆ. ಮೊದಲ ವರ್ಷದ ಪಗಾರದಲ್ಲಿ ತೀರಿಸಿದ್ದು ಆ ಕೈಗಡವನ್ನೇ. ಆ ವರ್ಷ ನಮ್ಮ ಮನೆಯಲ್ಲಿ ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಬೇರೆ ಇದ್ದಿದ್ದರೆ ಡಿಸೈನ್ ಕೆಲಸಕ್ಕೆ ಇನ್ನೂ ಆರು ತಿಂಗಳು ಕಾಯಬಹುದಿತ್ತು. ಆ ಮೊತ್ತಕ್ಕೆ ಎಷ್ಟು ಬೆಲೆ ಅನ್ನುವುದು ನನಗೆ ಅನುಭವದಿಂದ ಗೊತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಭಾಗದ ಕೃಷಿಗೂ ಕಾಲೇಜಿನ ಫೀಸಿಗೂ ತಾಳ ಕೂಡುವುದಿಲ್ಲ. ಸಿಇಟಿ ಕೌನ್ಸೆಲಿಂಗ್ ಮುಗಿದು ಫೀಸು ಕಟ್ಟುವ ಹೊತ್ತಿಗೆ ಬೀಜ, ಗೊಬ್ಬರ, ಎಣ್ಣೆ ಅಂತ ಕೈಯ ರೊಕ್ಕವೆಲ್ಲ ಹೊಲಕ್ಕೆ ಇಳಿದಿರುತ್ತದೆ. ಸೋಯಾ ಮಾರಿದ ಹಣ ದಸರಾ ದೀಪಾವಳಿ ಹೊತ್ತಿಗೆ, ತೊಗರಿಯದ್ದು ಸಂಕ್ರಾಂತಿ ದಾಟಿದ ಮೇಲೆ. ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ. ನಡುವಿನ ಈ ಎರಡು ಮೂರು ತಿಂಗಳ ತೂತಿನಲ್ಲೇ ಕೈಗಡ ಒಳಗೆ ಬರುವುದು. ಹಾಗಾಗಿ ಓದಿನ ಸಾಲ ಬೇಕೇ ಬೇಕು ಎಂದಾದರೆ ಬ್ಯಾಂಕಿನಲ್ಲೇ ತೆಗೆಯಿರಿ, ಅರ್ಜಿಯನ್ನು ಸೀಟು ಖಚಿತವಾದ ದಿನವೇ ಹಾಕಿರಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಹೊಲ, ಮನೆ ಅಡ ಇಡಬೇಕಾಗಿಲ್ಲ, ನಮ್ಮ ಕೈಯಿಂದ ಪಾಲು ಹಾಕಬೇಕಾಗಿಯೂ ಇಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಮಾಡಿದರೆ ಆಯಿತು.

ಆ 4 ಲಕ್ಷದ ಲೆಕ್ಕವನ್ನು ಬಿಡಿಸಿ ನೋಡೋಣ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಬಿಡುಗಡೆ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕೋರ್ಸಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಐದನೇ ವರ್ಷ ಇದೆ ಎಂಬುದು ಬ್ಯಾಂಕಿಗೆ ಗೊತ್ತು, ಮನೆಯವರಿಗೆ ಗೊತ್ತಿರುವುದಿಲ್ಲ. ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಿರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿದರೆ ಸರಳ ಬಡ್ಡಿಯೇ 1.4 ಲಕ್ಷ. ಕಂತು ಶುರುವಾಗುವಾಗ ಸಾಲ 5.4 ಲಕ್ಷ ಆಗಿರುತ್ತದೆ. ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 8,960 ರೂಪಾಯಿ. ಓದುತ್ತಿರುವಾಗಲೂ ಆಮೇಲಿನ ಒಂದು ವರ್ಷವೂ ಬಡ್ಡಿಯಷ್ಟನ್ನು ಕಟ್ಟುತ್ತ ಬಂದರೆ ಕಂತು 6,640ಕ್ಕೆ ನಿಲ್ಲುತ್ತದೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 833 ರೂಪಾಯಿ ಮಾತ್ರ, ನಾಲ್ಕನೇ ವರ್ಷಕ್ಕೆ 3,333. ಎಮ್ಮೆಯ ಹಾಲು ಡೇರಿಗೆ ಹಾಕುವ ಮನೆಗೆ ಮೊದಲೆರಡು ವರ್ಷದ್ದು ಎತ್ತಲಾಗದ ಭಾರವಲ್ಲ.

ಇನ್ನೊಂದು ದಾರಿಯಿದೆ, ಅದು ಹೆಚ್ಚಿನವರ ಕಿವಿಗೆ ಬಿದ್ದೇ ಇಲ್ಲ. ಕುಟುಂಬದ ವರಮಾನ 4.5 ಲಕ್ಷದ ಒಳಗಿದ್ದರೆ ಕಂತಿಲ್ಲದ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಅಂದರೆ ಮೇಲಿನ 1.4 ಲಕ್ಷ ಉಳಿಯುತ್ತದೆ. ಅದಕ್ಕೆ ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇರಬೇಕು. ಸಿಇಟಿಯಲ್ಲಿ ಆಪ್ಷನ್ ತುಂಬುವ ಮೊದಲು ಕಟ್ಟಡ, ಹಾಸ್ಟೆಲ್ ನೋಡುವ ಜೊತೆಗೆ ಇದನ್ನೂ ಕೇಳಿ ತಿಳಿದುಕೊಳ್ಳಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ನಿಗದಿಯಾಯಿತು. ಮೊದಲ ವರ್ಷದ ಸಾಲದ ಬಡ್ಡಿಗೆ ಇಂಥ ಹಣವನ್ನೇ ಹೊಂದಿಸಬಹುದು.

ಈಗ ಪಗಾರದ ಕಡೆ ಬನ್ನಿ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಪ್ಯಾಕೇಜು 3.5 ಲಕ್ಷದ ಆಸುಪಾಸು. ಊರಲ್ಲಿ ಇದನ್ನು ಕೇಳಿದವರು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 29 ಸಾವಿರ ಅನ್ನುತ್ತಾರೆ. ಆ ಮೊತ್ತದೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿರುತ್ತವೆ. ನಮ್ಮ ಪಾಲಿನ ಪಿಎಫ್ ಬೇರೆ ಕಡಿತ. ಕೈಗೆ ಬರುವುದು 24 ಸಾವಿರದ ಸುತ್ತಮುತ್ತ. ಬೆಂಗಳೂರಿನ ಪಿಜಿಗೆ ಊಟ ಸೇರಿ ಎಂಟು ಹತ್ತು ಸಾವಿರ, ಓಡಾಟ, ಫೋನು, ಬಟ್ಟೆಬರೆಗೆ ನಾಲ್ಕು, ಸಾಲದ ಕಂತು ಒಂಬತ್ತು. ಮನೆಗೆ ಕಳಿಸಲು ಉಳಿಯುವುದು ಒಂದೆರಡು ಸಾವಿರ. ಪಗಾರ ಬಂದರೂ ಹುಡುಗ ಯಾಕೆ ರೊಕ್ಕ ಕಳಿಸುತ್ತಿಲ್ಲ ಅಂತ ಹಳ್ಳಿಯಲ್ಲಿ ತಂದೆ ಒಳಗೊಳಗೇ ನೊಂದುಕೊಳ್ಳುತ್ತಾರೆ. ಮಗ ಹೇಳಲಾರ. ಸೀಟು ತೆಗೆದುಕೊಳ್ಳುವ ದಿನವೇ ಇಬ್ಬರೂ ಕೂತು ಈ ಲೆಕ್ಕ ಬರೆದರೆ ಆ ನೋವು ತಪ್ಪುತ್ತದೆ.

ಸಾಲವನ್ನೇ ಕಡಿಮೆ ಮಾಡುವ ದಾರಿಯೊಂದು ನಮ್ಮ ಕಣ್ಣೆದುರೇ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ, ಡಿಸಿಇಟಿ ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಮತ್ತೆ ಮೂರು, ಅದೂ ಆರೇ. ಪಿಯುಸಿಯ ಖಾಸಗಿ ಕೋಚಿಂಗಿನ ದುಡ್ಡೂ ಬಿ.ಇ.ಯ ಒಂದು ವರ್ಷದ ಫೀಸೂ ಉಳಿಯುತ್ತದೆ. ಇನ್ನೂ ದೊಡ್ಡ ಲಾಭವೆಂದರೆ ಐದನೇ ವರ್ಷದಲ್ಲಿ ಡಿಪ್ಲೊಮಾ ಬಲದ ಮೇಲೆ ದುಡಿಯುತ್ತ ಕಾಯಬಹುದು. ಹುಮನಾಬಾದ್‌ನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಕೈಯಲ್ಲಿ ಕಸುಬಿರುವ ಹುಡುಗನಿಗೆ ಖಾಲಿ ಕೂರುವ ಪ್ರಸಂಗ ಕಡಿಮೆ. ಆದರೂ "ಡಿಪ್ಲೊಮಾ ಅಂದ್ರ ಕಮ್ಮಿ" ಎಂಬ ಮಾತು ಬೀಗರ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. ಶರಣ ನುಲಿಯ ಚಂದಯ್ಯನವರ ಗವಿ ಇರುವ ಊರು ಬಸವಕಲ್ಯಾಣ. ಹಗ್ಗ ಹೊಸೆಯುವ ಕಾಯಕಕ್ಕೆ ಎಲ್ಲ ಕಾಯಕಗಳ ಸಮಕ್ಕೆ ಗೌರವ ಸಿಕ್ಕ ನೆಲದಲ್ಲಿ, ಲೇಥ್ ಯಂತ್ರದ ಮುಂದೆ ನಿಲ್ಲುವ ಹುಡುಗ ತನ್ನ ಕೆಲಸದ ಹೆಸರು ಹೇಳಲು ತಡವರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾಯುವುದು ಎಲ್ಲಿ ಎಂಬುದೂ ರೊಕ್ಕದ ಪ್ರಶ್ನೆಯೇ. ನಮ್ಮ ಹುಡುಗರಿಗೆ ನೌಕರಿ ಅಂದರೆ ಬೆಂಗಳೂರು. ಅದು ರಾತ್ರಿಯಿಡೀ ಪ್ರಯಾಣದ ದೂರ. ಒಂದು ಸಂದರ್ಶನಕ್ಕೆ ಹೋಗಿಬರುವುದೆಂದರೆ ಬಸ್ಸು, ವಸತಿ ಸೇರಿ ಕೆಲವು ಸಾವಿರ ರೂಪಾಯಿ. ಹುಮನಾಬಾದ್ ಇರುವುದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಬೆಳಿಗ್ಗೆ ಬಸ್ಸು ಹತ್ತಿದರೆ ಹೈದರಾಬಾದಿನಲ್ಲಿ ಸಂದರ್ಶನ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಇತ್ತ ಜಹೀರಾಬಾದಿನಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯಿದೆ, ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲೇ ರಾಸಾಯನಿಕ, ಔಷಧ ಘಟಕಗಳಿವೆ. 1956ರ ತನಕ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜಂದಿರು ದುಡಿಮೆಗೆ ಆ ಕಡೆಗೇ ಹೋಗುತ್ತಿದ್ದರು. ಉರ್ದು, ಹಿಂದಿ, ಮರಾಠಿ ನಮ್ಮ ಮಕ್ಕಳ ಬಾಯಲ್ಲಿ ಸಲೀಸು. ಐದನೇ ವರ್ಷವನ್ನು ಮನೆಯೂಟದ ಮೇಲೆ ಕಳೆಯುತ್ತ ಹತ್ತಿರದ ನಗರದಲ್ಲಿ ಹುಡುಕುವವನಿಗೆ ಬೆಂಗಳೂರಿನ ಬಾಗಿಲೇನೂ ಮುಚ್ಚುವುದಿಲ್ಲ. ಎರಡು ವರ್ಷದ ಅನುಭವ ಹಿಡಿದು ಆಮೇಲೆ ಹೋಗಬಹುದು. ನನ್ನ ಜೊತೆಯವರಲ್ಲಿ ಹಲವರು ಹಾಗೇ ಹೋದರು.

ಸರ್ಕಾರಿ ಎಇ, ಜೆಇ ಹುದ್ದೆಯ ಆಸೆಯಿರುವವರಿಗೆ ನಮ್ಮ ಭಾಗದಲ್ಲಿ ದೊಡ್ಡ ಆಸರೆ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದೆಡೆ ಶೇ 8 ಸೀಟು ಸ್ಥಳೀಯರಿಗೆ. ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80. ಆದರೆ ಅಧಿಸೂಚನೆಯಿಂದ ನೇಮಕಾತಿ ಆದೇಶದ ತನಕ ವರ್ಷಗಳೇ ಹಿಡಿಯಬಹುದು. ಅಷ್ಟು ಕಾಲ ಧಾರವಾಡದಲ್ಲೋ ಬೆಂಗಳೂರಿನಲ್ಲೋ ರೂಮು ಮಾಡಿ ಓದುವುದಕ್ಕೆ ಆಗುವ ಖರ್ಚು ಬಿ.ಇ. ಫೀಸನ್ನೇ ಮೀರಿಸಬಹುದು. ದುಡಿಯುತ್ತ ಓದಿರಿ ಎಂದೇ ಹೇಳುತ್ತೇನೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯ ತಿಂಗಳಿಗೆ 3,000 ರೂಪಾಯಿ ಇದೆ, ಗರಿಷ್ಠ ಎರಡು ವರ್ಷ. ಅದು ಪುಸ್ತಕಕ್ಕೆ, ಅರ್ಜಿ ಶುಲ್ಕಕ್ಕೆ ಆದೀತು, ಬಾಡಿಗೆಗೆ ಸಾಲದು.

ಇಷ್ಟೆಲ್ಲ ಹೇಳಿದ್ದು ಹುಡುಗರ ಕಥೆ. ಹುಡುಗಿಯರ ಐದನೇ ವರ್ಷ ಬೇರೆಯೇ. ಹುಡುಗನಿಗೆ ಮನೆಯವರು ರೊಕ್ಕ ಸಾಲುವಷ್ಟು ದಿನ ಸಮಯ ಕೊಡುತ್ತಾರೆ. ಹುಡುಗಿಗೆ ಮೊದಲ ವರ ಬರುವ ತನಕ. ಬಸವಕಲ್ಯಾಣ ಕಡೆಯ ಒಬ್ಬ ವಿದ್ಯಾರ್ಥಿನಿ ನನ್ನೆದುರು ಕೂತು, "ಸರ್, ನನಗ ದೀಪಾವಳಿ ತನಕ ಟೈಮ್ ಅದ" ಅಂದಳು. ಒಳ್ಳೆಯ ಅಂಕ, ಎಲೆಕ್ಟ್ರಾನಿಕ್ಸ್, ಚಿಪ್ ವಿನ್ಯಾಸದ ಕೆಲಸ ಮಾಡಬೇಕೆಂಬ ಆಸೆ. ಬೆಂಗಳೂರಿಗೆ ಕಳಿಸಿ ಕಾಯಿಸಲು ಮನೆಯವರು ಒಪ್ಪಲಿಲ್ಲ, ಮದುವೆಗೆಂದು ಅವಳ ಹೆಸರಲ್ಲಿ ಹಣ ಮಾತ್ರ ಜಮೆಯಾಗುತ್ತಿತ್ತು. ಆ ಜಮೆಯಲ್ಲಿ ಒಂದು ವರ್ಷದ ಖರ್ಚನ್ನು ಅವಳ ಕೆಲಸದ ಹುಡುಕಾಟಕ್ಕೆ ಬಿಟ್ಟುಕೊಡಿ ಎಂದು ತಂದೆಯನ್ನು ಕೇಳಿಕೊಂಡೆ. ಅವರು ತುಸು ಹೊತ್ತು ಯೋಚಿಸಿ, ಹೈದರಾಬಾದಿನಲ್ಲಿ ಅವಳ ಸೋದರತ್ತೆಯ ಮನೆಯಿದೆ, ಅಲ್ಲಿದ್ದು ಹುಡುಕಲಿ ಅಂದರು. ಈಗ ಆಕೆ ಅಲ್ಲಿ ಅಪ್ರೆಂಟಿಸ್ ಆಗಿದ್ದಾಳೆ. ಸ್ಟೈಪೆಂಡ್ ಸಣ್ಣದು. ಮುಂದಿನ ದೀಪಾವಳಿಯ ಮಾತನ್ನು ಮನೆಯಲ್ಲಿ ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ.

ಹಾಗಾದರೆ ಐದನೇ ವರ್ಷದ ರೊಕ್ಕ ಕೂಡಿಸುವುದು ಹೇಗೆ? ಅಂಚೆ ಕಚೇರಿಯ ಆರ್‌ಡಿ ಸರಿಯಾಗಿ ಐದು ವರ್ಷದ್ದು. ಮಗ ಅಥವಾ ಮಗಳು ಪಿಯುಸಿ ಎರಡನೇ ವರ್ಷಕ್ಕೆ ಕಾಲಿಟ್ಟ ತಿಂಗಳು ತೆರೆದರೆ, ಆ ಒಂದು ವರ್ಷ ಮತ್ತು ಬಿ.ಇ.ಯ ನಾಲ್ಕು ವರ್ಷ ಕೂಡಿ, ಡಿಗ್ರಿ ಮುಗಿಯುವ ಹೊತ್ತಿಗೇ ಅವಧಿ ಮುಗಿಯುತ್ತದೆ. ಶೇ 6.7ರ ಬಡ್ಡಿ ದರದಲ್ಲಿ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ ಸಿಗುವುದು ಸುಮಾರು 71 ಸಾವಿರ. ಒಂದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಆರು ಸಾವಿರದಷ್ಟು. ಊರಲ್ಲಿದ್ದು ಹೈದರಾಬಾದಿಗೆ ಓಡಾಡುವವರಿಗೆ ಇದು ಧಾರಾಳ. ಬೆಂಗಳೂರಿನಲ್ಲಿ ಹಂಚಿಕೊಂಡ ರೂಮಿನಲ್ಲಿ ಇರುವವರಿಗೆ ಅರ್ಧಕ್ಕಿಂತ ಹೆಚ್ಚಿನ ಖರ್ಚನ್ನು ತೂಗಿಸುತ್ತದೆ. ಪಾಸ್‌ಬುಕ್ಕಿನ ಮೇಲೆ ಮಗುವಿನ ಹೆಸರಿನ ಜೊತೆ 'ಐದನೇ ವರ್ಷ' ಎಂದು ಬರೆದಿಡಿ. ಮಳೆ ಕೈಕೊಟ್ಟ ವರ್ಷ ಅದಕ್ಕೆ ಕೈ ಹಾಕುವ ಮನಸ್ಸಾಗುತ್ತದೆ, ಆದಷ್ಟು ತಡೆದುಕೊಳ್ಳಿ.

ಈ ವರ್ಷ ಸಿಇಟಿ ಬರೆಯುವ ಮನೆಗಳು ಕಾಗದಪತ್ರವನ್ನು ಫಲಿತಾಂಶಕ್ಕೆ ಮೊದಲೇ ಹೊಂದಿಸಿಕೊಳ್ಳಬೇಕು. ವರಮಾನದ ಪ್ರಮಾಣಪತ್ರ ತಹಶೀಲ್ದಾರರಿಂದ. 371(ಜೆ) ಪ್ರಮಾಣಪತ್ರ ಉಪವಿಭಾಗಾಧಿಕಾರಿಯಿಂದ. ಹುಮನಾಬಾದ್, ಭಾಲ್ಕಿಯವರಿಗೂ ಆ ಕಚೇರಿ ಬಸವಕಲ್ಯಾಣದಲ್ಲೇ ಇದೆ. ಕೌನ್ಸೆಲಿಂಗ್ ಹೊತ್ತಿಗೆ ಅಲ್ಲಿ ಬಾಗಿಲ ತನಕ ಸಾಲು ಇರುತ್ತದೆ. ಪರೀಕ್ಷೆ ಮುಗಿದ ಮರುವಾರವೇ ಹೋಗಿ ಅರ್ಜಿ ಕೊಟ್ಟು ಬನ್ನಿ.