ಓಡುವಾಗ ಬಾಯಿಗೆ ಬರುವ ಹೆಸರು

ಪ್ರಶ್ನೆ: ನನಗೆ 43 ವರ್ಷ. ಊರು ಬಾಗಲಕೋಟೆ ಕಡೆ, ಇರುವುದು ಬೆಂಗಳೂರಿನಲ್ಲಿ. ನಮ್ಮಪ್ಪ ಶ್ರೀಶೈಲ ಮಲ್ಲಯ್ಯನ ಭಕ್ತ. ಯುಗಾದಿ ಹತ್ತಿರ ಬಂತೆಂದರೆ ಮಲ್ಲಯ್ಯನ ಕಂಬಿ ಹೊತ್ತ ಯಾತ್ರಿಗಳ ಜೊತೆ ನಡೆದೇ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ, ‘ಅಪ್ಪನನ್ನು ಉಳಿಸಿಕೊಡು, ಬರಿಗಾಲಲ್ಲಿ ನಿನ್ನ ಬೆಟ್ಟಕ್ಕೆ ಬರ್ತೀನಿ’ ಎಂದು ಹರಕೆ ಹೊತ್ತೆ. ಅಪ್ಪ ಉಳಿಯಲಿಲ್ಲ. ಅವತ್ತಿನಿಂದ ನಾನು ದೇವರಿಗೆ ಕೈ ಮುಗಿದಿಲ್ಲ. ಕೊರಳಲ್ಲಿದ್ದ ಲಿಂಗವನ್ನೂ ತೆಗೆದು ಬೀರುವಿನಲ್ಲಿಟ್ಟಿದ್ದೇನೆ.

ಕಳೆದ ವರ್ಷ ಸಕ್ಕರೆ ಕಾಯಿಲೆ ಶುರುವಾಯಿತು. ಡಾಕ್ಟರ್ ನಡೆಯಲು ಹೇಳಿದರು. ಕಬ್ಬನ್ ಪಾರ್ಕಿಗೆ ನಡೆಯಲು ಹೋದವನು ಓಡುವವರ ಗುಂಪು ಸೇರಿದೆ. ಈಗ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಆದರೆ ಒಂದು ವಿಚಿತ್ರ ನಡೆಯುತ್ತಿದೆ. ಭಾನುವಾರದ ಲಾಂಗ್ ರನ್‌ನಲ್ಲಿ 15 ಕಿಲೋಮೀಟರ್ ದಾಟಿದ ಮೇಲೆ ನನಗೇ ಗೊತ್ತಿಲ್ಲದಂತೆ ಬಾಯಿ ‘ಮಲ್ಲಯ್ಯಾ, ಮಲ್ಲಯ್ಯಾ’ ಎನ್ನುತ್ತದೆ. ಕಣ್ಣು ತುಂಬಿಕೊಳ್ಳುತ್ತದೆ. ನಂಬಿಕೆ ಬಿಟ್ಟವನು ಕಷ್ಟ ಬಂದಾಗ ಮಾತ್ರ ಹೆಸರು ಹಿಡಿಯುವುದು ಮೋಸವಲ್ಲವೇ? ಅಥವಾ ಇದೆಲ್ಲ ಬರೀ ಸುಸ್ತೇ?

ಓಟದ ವಾರದಲ್ಲೇ ಅಪ್ಪನ ಪುಣ್ಯತಿಥಿ. ಅದಕ್ಕೇ ಓಟದ ದಿನ ನೀರನ್ನೂ ಮುಟ್ಟದೆ ಉಪವಾಸವಿದ್ದು ಓಡಬೇಕೆಂದಿದ್ದೇನೆ. ಎಲ್ಲೂ ನಡೆಯದೆ ಪೂರ್ತಿ ಓಡಿ ಮುಗಿಸಿದರೆ ಮಲ್ಲಯ್ಯ ಇದ್ದಾನೆ ಎಂದುಕೊಂಡು ಲಿಂಗ ಕಟ್ಟಿಕೊಳ್ಳುತ್ತೇನೆ, ಆಗದಿದ್ದರೆ ಇನ್ನು ಆ ಮಾತೇ ಬೇಡ ಎಂದು ನಿರ್ಧರಿಸಿದ್ದೇನೆ. ಅವ್ವ ಮಾತ್ರ ಫೋನ್ ಮಾಡಿದಾಗಲೆಲ್ಲ, ‘ಬಿಲ್ಲೆಗೋಸ್ಕರ ಇಪ್ಪತ್ತೊಂದು ಕಿಲೋಮೀಟರ್ ಓಡ್ತಿ, ಮಲ್ಲಯ್ಯಗೋಸ್ಕರ ನಾಕ್ ಹೆಜ್ಜಿ ನಡಿಯಾಕ ಆಗಂಗಿಲ್ಲೇನು?’ ಎನ್ನುತ್ತಾಳೆ. ಏನು ಹೇಳಲಿ?

– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಉಪವಾಸದ ಮಾತು, ಯಾಕೆಂದರೆ ಅದು ನಿಮ್ಮ ಪ್ರಾಣಕ್ಕೆ ಸಂಬಂಧಪಟ್ಟದ್ದು. ಸಕ್ಕರೆ ಕಾಯಿಲೆ ಇರುವವರು ನಿರ್ಜಲ ಉಪವಾಸವಿದ್ದು 21 ಕಿಲೋಮೀಟರ್ ಓಡಕೂಡದು. ಇದರಲ್ಲಿ ಎರಡು ಮಾತಿಲ್ಲ. ಮಾಂಸಖಂಡಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆಯ ದಾಸ್ತಾನಿನ ಮೇಲೆ ದೇಹ ಹೆಚ್ಚುಕಡಿಮೆ ಒಂದೂವರೆ ಎರಡು ಗಂಟೆ ಬಿರುಸಾಗಿ ಓಡಬಲ್ಲದು. ನೀವು ಹಿಂದಿನ ದಿನದಿಂದಲೇ ಹೊಟ್ಟೆ ಖಾಲಿ ಇಟ್ಟರೆ ಆ ದಾಸ್ತಾನು ಕುಗ್ಗಿರುತ್ತದೆ. ಅದರ ಮೇಲೆ ಮಾತ್ರೆಯೂ ಸೇರಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಇವು ಅದರ ಲಕ್ಷಣ. ಹೀಗಾದರೆ ಅಲ್ಲೇ ನಿಂತು ಸಿಹಿ ಬಾಯಿಗೆ ಹಾಕಿಕೊಳ್ಳಬೇಕು, ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು. ಓಟಕ್ಕೆ ಮೊದಲು ನಿಮ್ಮ ಡಾಕ್ಟರನ್ನು ಕಂಡು, ಅವತ್ತು ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳಬೇಕೇ, ಯಾವಾಗ, ಎಷ್ಟು ಎಂದು ಕೇಳಿಕೊಳ್ಳಿ. ಜೇಬಿನಲ್ಲಿ ನಾಲ್ಕು ಖರ್ಜೂರವೋ ಗ್ಲೂಕೋಸೋ ಇರಲಿ. ನೀರನ್ನು ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ಭಯಕ್ಕೆ ಸಿಕ್ಕಸಿಕ್ಕಲ್ಲೆಲ್ಲ ಕುಡಿದು ಹೊಟ್ಟೆ ತುಂಬಿಸಿಕೊಂಡರೂ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಅಪಾಯವಾಗುತ್ತದೆ.

ಇದು ಬರೀ ವೈದ್ಯಕೀಯದ ಮಾತು ಎಂದು ನಿಮಗೆ ಅನಿಸಬಹುದು. ಹಾಗಾದರೆ ನಿಮ್ಮ ಅಪ್ಪ ನಡೆಯುತ್ತಿದ್ದ ದಾರಿಯನ್ನೇ ನೆನಪು ಮಾಡಿಕೊಳ್ಳಿ. ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಶ್ರೀಶೈಲದ ಪಾದಯಾತ್ರಿಗಳು ಹೋಗುವುದನ್ನು ನೋಡಿದವಳು ನಾನು. ಊರೂರಿಗೂ ದಾಸೋಹದ ಪೆಂಡಾಲು. ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು, ಲೋಟಗಟ್ಟಲೆ ಮಜ್ಜಿಗೆ. ಯಾತ್ರಿ ಬೇಡವೆಂದರೂ ಕೈ ಹಿಡಿದು ಕೂರಿಸುತ್ತಾರೆ. ಬೊಬ್ಬೆ ಎದ್ದ ಪಾದವನ್ನು ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚುವವರಿರುತ್ತಾರೆ. ಒಬ್ಬ ಹುಡುಗ, ಹತ್ತನೇ ಕ್ಲಾಸು ಓದುವಷ್ಟು ವಯಸ್ಸಿನವನು, ತನ್ನ ಅಜ್ಜನಷ್ಟು ವಯಸ್ಸಾದ ಯಾತ್ರಿಕರೊಬ್ಬರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯ ಸೀಳಿಗೆ ಬೆರಳಿಂದ ಎಣ್ಣೆ ತುಂಬುತ್ತಿದ್ದ. ಆ ಹಿರಿಯರು ಮುಜುಗರದಿಂದ ಕಾಲು ಎಳೆದುಕೊಳ್ಳಲು ನೋಡುತ್ತಿದ್ದರು, ಅವನು ಬಿಡುತ್ತಿರಲಿಲ್ಲ. ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲದ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ಹತ್ತಿಳಿದು ಕೈಲಾಸದ್ವಾರ ಮುಟ್ಟುವವರೆಗೆ ಆ ಜನರನ್ನು ನಡೆಸುವುದು ಮಲ್ಲಯ್ಯನ ಮೇಲಿನ ಭಕ್ತಿ ಹೌದು, ದಾರಿಯುದ್ದಕ್ಕೂ ಸಿಗುವ ಅನ್ನ ನೀರೂ ಹೌದು. ನಿಮ್ಮಪ್ಪನೂ ಅದನ್ನು ಉಂಡೇ ನಡೆದಿರುತ್ತಾರೆ. ಅವರ ನೆನಪಿಗೆ ಏನಾದರೂ ಮಾಡಬೇಕೆಂದಿದ್ದರೆ ಪುಣ್ಯತಿಥಿಯ ದಿನ ನಾಲ್ಕು ಜನಕ್ಕೆ ಊಟ ಹಾಕಿಸಿ, ಅವರ ಜೊತೆ ಕೂತು ನೀವೂ ಉಣ್ಣಿ.

ಇನ್ನು ನೀವು ಕಟ್ಟಿರುವ ಪಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಅದೇ. ‘ಪೂರ್ತಿ ಓಡಿದರೆ ದೇವರಿದ್ದಾನೆ, ಇಲ್ಲದಿದ್ದರೆ ಇಲ್ಲ’ ಎನ್ನುತ್ತೀರಿ. ಮೂರು ವರ್ಷದ ಹಿಂದೆ ಅಪ್ಪನ ಜೀವವನ್ನು ಮುಂದಿಟ್ಟು ಒಂದು ಕರಾರು ಮಾಡಿಕೊಂಡಿರಿ. ಈಗ ನಿಮ್ಮ ಮಂಡಿ, ಮೀನಖಂಡಗಳನ್ನು ಮುಂದಿಟ್ಟು ಅದೇ ಕರಾರನ್ನು ಮತ್ತೆ ಬರೆಯುತ್ತಿದ್ದೀರಿ. ಅವತ್ತು ಬೆಳಿಗ್ಗೆ ಬಿಸಿಲು ಬೇಗ ಏರಬಹುದು. ಹಿಂದಿನ ರಾತ್ರಿ ನಿದ್ದೆ ಬರದಿರಬಹುದು. ನೀರು ಕೊಡುವ ಮೇಜಿನ ಬಳಿ ಬಿದ್ದ ಕಪ್ಪುಗಳ ಮೇಲೆ ಕಾಲು ಜಾರಬಹುದು. 18ನೇ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡು ಐವತ್ತು ಹೆಜ್ಜೆ ನಡೆದಿರಿ ಎಂದುಕೊಳ್ಳಿ. ಅಷ್ಟಕ್ಕೆ ಮಲ್ಲಯ್ಯ ಇಲ್ಲವಾಗಿಬಿಡುತ್ತಾನೆಯೇ? ನನಗೆ ಭಯವಾಗುವುದು ಆ ಐವತ್ತು ಹೆಜ್ಜೆಗಳ ಬಗ್ಗೆ. ಅಲ್ಲಿ ನೀವು ಅಪ್ಪನನ್ನು ಎರಡನೇ ಸಲ ಕಳೆದುಕೊಂಡಷ್ಟು ಸಂಕಟಪಡುತ್ತೀರಿ.

ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರನ ಕಥೆ ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿರಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತು. ಭಾನುವಾರ ದೇವರ ದಿನವೆಂದು ನಂಬಿದ್ದ ಲಿಡೆಲ್ ತನ್ನ ಮೆಚ್ಚಿನ ಆ ಓಟವನ್ನೇ ಕೈಬಿಟ್ಟ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ‘ನೋಡಿ, ದೇವರು ಕೈಬಿಡಲಿಲ್ಲ’ ಎನ್ನುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮರುವರ್ಷವೇ ಆತ ಮಿಷನರಿಯಾಗಿ ಚೀನಾಕ್ಕೆ ಹೋದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ಬಂಧಿತರ ಶಿಬಿರದಲ್ಲಿಟ್ಟರು. ಹೆಂಡತಿ ಮಕ್ಕಳು ದೂರದ ಕೆನಡಾದಲ್ಲಿ. 1945ರಲ್ಲಿ, 43ನೇ ವಯಸ್ಸಿನಲ್ಲಿ, ಮೆದುಳಿನ ಗಡ್ಡೆಯಿಂದ ಆ ಶಿಬಿರದಲ್ಲೇ ತೀರಿಕೊಂಡ. ಸರಿಯಾಗಿ ನಿಮ್ಮದೇ ವಯಸ್ಸು. ಚಿನ್ನದ ಪದಕ ದೇವರಿದ್ದಾನೆ ಎನ್ನುವುದಕ್ಕೆ ಪುರಾವೆಯಾದರೆ ಆ ಗಡ್ಡೆ ಯಾವುದಕ್ಕೆ ಪುರಾವೆ? ಲಿಡೆಲ್ ಹಾಗೆ ಲೆಕ್ಕ ಹಾಕಿದವನಲ್ಲ. ಓಡುವ ಮೊದಲೇ ಓಟವನ್ನು ಬಿಟ್ಟುಕೊಟ್ಟಿದ್ದ. ಶಿಬಿರದಲ್ಲಿದ್ದಾಗಲೂ ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತ, ಆಟ ಆಡಿಸುತ್ತ ಇದ್ದ. ಅವನ ನಂಬಿಕೆ ನಿಮಗೆ ಬೇಕೆಂದು ನಾನು ಹೇಳುತ್ತಿಲ್ಲ. ಗೆಲುವು ಸೋಲುಗಳ ತಕ್ಕಡಿಯಲ್ಲಿ ಇಟ್ಟು ತೂಗದ ನಂಬಿಕೆಯೂ ಉಂಟು ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾಗಿ ಆ ಪಣವನ್ನು ಓಟಕ್ಕೆ ಮೊದಲೇ ಕೈಬಿಡಿ. ‘ಎಲ್ಲೂ ನಡೆಯಬಾರದು’ ಎಂಬ ಷರತ್ತನ್ನೂ ಬಿಡಿ. 1972ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದಲ್ಲಿದ್ದ ಜೆಫ್ ಗ್ಯಾಲೋವೇ, ಒಂದಿಷ್ಟು ಹೊತ್ತು ಓಟ, ಒಂದಿಷ್ಟು ನಡಿಗೆ ಎಂಬ ಕ್ರಮವನ್ನೇ ಹೊಸಬರಿಗೆ ಕಲಿಸಿದವರು. ಅದನ್ನು ಅನುಸರಿಸಿ ದೂರದ ಓಟ ಮುಗಿಸಿದವರು ಎಷ್ಟೋ ಜನ. ನಡೆದು ಗೆರೆ ದಾಟಿದವರ ಕೊರಳಿಗೂ ಅದೇ ಬಿಲ್ಲೆ ಬೀಳುತ್ತದೆ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. 15 ಕಿಲೋಮೀಟರ್ ಆದ ಮೇಲೆ ಬಾಯಿಗೆ ಬರುವ ಹೆಸರು ಭಕ್ತಿಯೋ, ಸುಸ್ತೋ, ಮೋಸವೋ?

ಮೋಸವಂತೂ ಅಲ್ಲ. ಮೋಸ ಮಾಡುವವನು ಯೋಚಿಸಿ ಮಾಡುತ್ತಾನೆ. ನಿಮಗೆ ಅದು ಗೊತ್ತಿಲ್ಲದಂತೆ ಬರುತ್ತಿದೆ. ಸುಸ್ತು ಅದರಲ್ಲಿ ಇದ್ದೇ ಇದೆ. ಬೇಕಾದ್ದು ಬೇಡದ್ದು ಎಲ್ಲವನ್ನೂ ಅದುಮಿಟ್ಟುಕೊಳ್ಳುವ ಶಕ್ತಿ ದಣಿದ ದೇಹಕ್ಕೆ ಇರುವುದಿಲ್ಲ. ವಾರವಿಡೀ ಆಫೀಸಿನಲ್ಲಿ, ಮನೆಯಲ್ಲಿ, ಟ್ರಾಫಿಕ್ಕಿನಲ್ಲಿ ಬಿಗಿ ಹಿಡಿದದ್ದು ಅಲ್ಲಿ ಸಡಿಲಾಗುತ್ತದೆ. ದೀರ್ಘ ಓಟದಲ್ಲಿ ಮನಸ್ಸನ್ನು ಹಗುರ ಮಾಡುವ ರಾಸಾಯನಿಕಗಳು ದೇಹದೊಳಗೇ ಹುಟ್ಟುತ್ತವೆ ಎಂಬುದೂ ನಿಜ. ಹೆಸರಿನ ಪುನರಾವರ್ತನೆ ದೇಹದ ಮೇಲೆ ಏನು ಮಾಡುತ್ತದೆ ಎಂದು ನೋಡಿದವರೂ ಇದ್ದಾರೆ. ಇಟಲಿಯ ಸಂಶೋಧಕರ ಒಂದು ಅಧ್ಯಯನ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳಿದರೂ, ‘ಓಂ ಮಣಿ ಪದ್ಮೇ ಹೂಂ’ ಎಂದರೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯದ ಲಯ ಹದಕ್ಕೆ ಬರುತ್ತದೆಂದು ಅವರು ಕಂಡರು. ಅದು ಕುಳಿತು ಜಪಿಸಿದವರ ಮಾತು, ಓಡುವವರದ್ದಲ್ಲ. ಆದರೂ ದೂರ ನಡೆಯುವವರು, ಭಾರ ಎಳೆಯುವವರು, ಬೀಸುವ ಕಲ್ಲಿನ ಮುಂದೆ ಕೂತವರು ಉಸಿರಿಗೊಂದು ಹೆಸರು ಕಟ್ಟಿಕೊಂಡದ್ದು ಸುಮ್ಮನೆ ಇರಲಿಕ್ಕಿಲ್ಲ.

ಆದರೆ ನಾನು ಇಷ್ಟಕ್ಕೇ ನಿಲ್ಲಿಸಲಾರೆ. ಸುಸ್ತು ಬಾಯಿ ತೆರೆಸಿತು, ಸರಿ. ಬಾಯಿ ತೆರೆದಾಗ ಬಂದದ್ದು ಆ ಹೆಸರೇ ಏಕೆ? ಯಾಕೆಂದರೆ ಅದು ನಿಮ್ಮಪ್ಪನ ಬಾಯಲ್ಲಿದ್ದ ಹೆಸರು. ಕಂಬಿ ಹೊರಡುವ ದಿನ ಊರಿನ ಅಗಸಿಯಲ್ಲಿ ನೀವು ಚಿಕ್ಕವರಾಗಿ ನಿಂತು ಕೇಳಿರುವ ಹೆಸರು. ನೀವು ಸಿಟ್ಟಾಗಿರುವುದು ಮಲ್ಲಯ್ಯನ ಮೇಲೆ. ಇಲ್ಲದವನ ಮೇಲೆ ಯಾರೂ ಮೂರು ವರ್ಷ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ನಮ್ಮ ಕಡೆಯ ಭಕ್ತರು ದೇವರನ್ನು ಬೈದಿದ್ದಾರೆ, ಜಗಳ ತೆಗೆದಿದ್ದಾರೆ, ಮಾತು ಬಿಟ್ಟಿದ್ದಾರೆ. ಅದೂ ಒಂದು ಸಂಬಂಧವೇ. ನೀವು ಆ ಸಂಬಂಧವನ್ನು ಕಡಿದುಕೊಂಡಿದ್ದೀರೋ, ಮುನಿಸಿಕೊಂಡಿದ್ದೀರೋ ನನಗೆ ತಿಳಿಯದು. ಅದನ್ನು ಈ ಓಟದೊಳಗೇ ಇತ್ಯರ್ಥ ಮಾಡಬೇಕೆಂಬ ಆತುರವೂ ಬೇಡ. ಹೆಸರು ಬಂದರೆ ಬರಲಿ. ತಡೆಯಬೇಡಿ, ‘ನಂಬಿಕೆ ವಾಪಸ್ ಬಂತು’ ಎಂದು ಸಹಿ ಹಾಕಲೂ ಹೋಗಬೇಡಿ. ಬೀರುವಿನಲ್ಲಿರುವ ಲಿಂಗ ಅಲ್ಲೇ ಇರಲಿ. ಪಂದ್ಯ ಗೆದ್ದ ಹುಮ್ಮಸ್ಸಿನಲ್ಲಿ ಕಟ್ಟಿಕೊಂಡರೆ ಮುಂದಿನ ಸಂಕಟಕ್ಕೆ ಮತ್ತೆ ಬಿಚ್ಚಬೇಕಾಗುತ್ತದೆ. ಕಟ್ಟಿಕೊಳ್ಳಬೇಕೆಂದು ನಿಮಗೆ ಅನಿಸುವ ದಿನ ಅದು ಯಾವ ಷರತ್ತೂ ಇಲ್ಲದೆ ಅನಿಸಲಿ.

ಅಳುವಿನ ಬಗ್ಗೆ ಒಂದು ಮಾತು. ಅಪ್ಪ ಹೋದಾಗ ನೀವು ಅತ್ತಿರೋ ಇಲ್ಲವೋ, ಪತ್ರದಲ್ಲಿ ಬರೆದಿಲ್ಲ. ಹಿರಿಮಗನಾಗಿದ್ದರೆ ಆಸ್ಪತ್ರೆಯ ಬಿಲ್ಲು, ಊರಿಗೆ ಗಾಡಿ, ಬಂದವರ ಊಟ, ಇದರಲ್ಲೇ ಆ ದಿನಗಳು ಕಳೆದುಹೋಗಿರುತ್ತವೆ. ನಮ್ಮ ಗಂಡಸರಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಬೆವರಿನ ಜೊತೆ ಹರಿಯುವ ಕಣ್ಣೀರನ್ನು ಯಾರೂ ಗುರುತಿಸುವುದಿಲ್ಲ, ಅದಕ್ಕೇ ಅದು ಅಲ್ಲಿ ಬರುತ್ತಿದೆ. ಬರಲಿ ಬಿಡಿ. ಓಟ ಇಲ್ಲದ ದಿನಗಳಲ್ಲಿ ನಿದ್ದೆ ಕೆಟ್ಟಿದ್ದರೆ, ಊಟ ರುಚಿಸದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಮಾತ್ರ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಅವ್ವ. ಅವರ ಮಾತು ನಿಮಗೆ ಚುಚ್ಚಿದೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದೇನೆಂದರೆ, ನೀವು ಹೊತ್ತ ಹರಕೆಯ ವಿಷಯ ಅವರಿಗೆ ಗೊತ್ತಿಲ್ಲ. ಬರಿಗಾಲಲ್ಲಿ ಬರುತ್ತೇನೆಂದು ಬೇಡಿಕೊಂಡ ಮಗ ಅವರಿಗೆ ಕಾಣುತ್ತಿಲ್ಲ. ಕಾಣುತ್ತಿರುವುದು ಬಣ್ಣದ ಬೂಟು ಹಾಕಿಕೊಂಡು ಬೆಂಗಳೂರಿನಲ್ಲಿ ಓಡುವ ಮಗ, ಖಾಲಿಯಾದ ಕೊರಳು. ಮೂವತ್ತು ನಲವತ್ತು ವರ್ಷ ಗಂಡನನ್ನು ಯುಗಾದಿಗೆ ಕಳಿಸಿಕೊಟ್ಟು, ಬುತ್ತಿಗೆ ರೊಟ್ಟಿ ಬಡಿದು, ತಿರುಗಿ ಬರುವ ದಾರಿ ಕಾದವರು ಅವರು. ಈಗ ಆ ಮನೆಯಿಂದ ಮಲ್ಲಯ್ಯನ ಹತ್ತಿರ ಹೋಗುವವರೇ ಇಲ್ಲ. ‘ನಾಕ್ ಹೆಜ್ಜಿ’ ಎಂದು ಅವರು ಕೇಳುತ್ತಿರುವುದು ಆ ದುಃಖದಲ್ಲಿ.

ಹರಕೆಯ ಮಾತನ್ನು ಅವರಿಗೆ ಹೇಳಿ, ಫೋನಿನಲ್ಲಿ ಬೇಡ. ಓಟ ಮುಗಿಯುವವರೆಗೂ ಕಾಯಬೇಡಿ. ಪುಣ್ಯತಿಥಿ ಓಟದ ವಾರದಲ್ಲೇ ಇದೆಯಲ್ಲ, ಅದಕ್ಕೊಂದು ವಾರ ಮೊದಲೇ ಒಂದು ಶನಿವಾರ ಊರಿಗೆ ಹೋಗಿ. ಅಡುಗೆಮನೆಯಲ್ಲಿ ಅವರ ಎದುರು ಕೂತು ಹೇಳಿ: ‘ಅವ್ವಾ, ಅಪ್ಪನ ಸಲುವಾಗಿ ನಾ ಹರಕಿ ಹೊತ್ತಿದ್ದೆ. ಮಲ್ಲಯ್ಯ ಕೇಳಲಿಲ್ಲ. ನನಗ ಭಾಳ ಸಿಟ್ಟ ಬಂದದ.’ ಇಷ್ಟು ಸಾಕು. ಅವರು ಏನು ಹೇಳುತ್ತಾರೋ ನಾನು ಊಹಿಸಲಾರೆ. ಬೈಯಬಹುದು, ಅಳಬಹುದು. ತಾವೂ ಒಂದು ಹರಕೆ ಹೊತ್ತಿದ್ದು ನಿಮಗೆ ಹೇಳದೆ ಇಟ್ಟುಕೊಂಡಿರಬಹುದು. ಕೈ ಮುಗಿ ಎಂದು ಒತ್ತಾಯಿಸಿದರೆ ‘ಇನ್ನೂ ಆಗವಲ್ದು ಅವ್ವಾ’ ಎನ್ನಿ. ಆಗದ್ದನ್ನು ಅವರ ಸಮಾಧಾನಕ್ಕಾಗಿ ಮಾಡಬೇಡಿ, ತಾಯಂದಿರಿಗೆ ಅದು ಗೊತ್ತಾಗುತ್ತದೆ.

ಹರಕೆ ತೀರಿಸಬೇಕೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಆ ಪ್ರಶ್ನೆ ಪತ್ರದ ತುಂಬ ಇದೆ. ‘ಉಳಿಸಿಕೊಟ್ಟರೆ ಬರುತ್ತೇನೆ’ ಎಂದಿದ್ದಿರಿ, ಉಳಿಯಲಿಲ್ಲ. ನೀವು ಯಾರಿಗೂ ಏನೂ ಬಾಕಿ ಉಳಿಸಿಕೊಂಡಿಲ್ಲ. ಸಾಲವೆಂದು ಆ ದಾರಿ ಹಿಡಿಯಬೇಡಿ. ಅಪ್ಪ ಕಾಲಿಟ್ಟ ಕಾಡನ್ನು ಒಮ್ಮೆ ನೋಡಬೇಕು ಎಂದು ಯಾವತ್ತಾದರೂ ಆಸೆಯಾದರೆ, ಅವರ ಜೊತೆ ನಡೆಯುತ್ತಿದ್ದ ಕಂಬಿಯವರು ಊರಲ್ಲಿ ಇನ್ನೂ ಇರಬಹುದು, ಅವರನ್ನು ಕಂಡು ಮಾತಾಡಿಸಿ. ಅಪ್ಪ ಎಲ್ಲಿ ಕೂರುತ್ತಿದ್ದರು, ಯಾವ ಏರಿನಲ್ಲಿ ಏದುಸಿರು ಬಿಡುತ್ತಿದ್ದರು, ಯಾರ ಜೊತೆ ಜಗಳವಾಡುತ್ತಿದ್ದರು ಎಂಬುದು ಅವರಿಗೆ ಗೊತ್ತು. ಹೋಗುವುದಾದರೆ ಚಪ್ಪಲಿ ಹಾಕಿಕೊಂಡೇ ಹೋಗಿ. ಸಕ್ಕರೆ ಇರುವವರ ಕಾಲಿನ ಗಾಯ ಬೇಗ ಮಾಯುವುದಿಲ್ಲ.